ಅಟ್ಟಕ್ಕೆ ಒಪ್ಪಿಗೆ

ಥಾರ್ನ್‌ಶಾ, ಯಾರ್ಕ್‌ಶೈರ್
4 ಫೆಬ್ರವರಿ 1996

ತಮ್ಮ ವಿಲ್ಫ್,

ಫೋನ್ ಮಾಡಿದರೆ "ಲೈನ್ ಸರಿಯಿಲ್ಲ ಅಕ್ಕ" ಅಂತ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಮಧ್ಯದಲ್ಲಿ ಇಡೋಕಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಲೊರೇನ್ ಮತ್ತೆ ಕುಡಿಯೋಕೆ ಶುರುಮಾಡಿದ್ದಾಳೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೇ ಹೇಸಿಗೆ. ಕೌನ್ಸಿಲ್ಲಿನ ಮಕ್ಕಳ ಇಲಾಖೆಯವರು ಅವಳ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋದರು. ಕರ್ಸ್ಟಿಯನ್ನು ಹಲ್ ಊರಿನಲ್ಲಿ ಯಾರದೋ ಮನೆಯಲ್ಲಿ ಇಟ್ಟಿದ್ದಾರೆ, ಗ್ಯಾವಿನ್‌ನನ್ನು ಲೀಡ್ಸ್‌ನಲ್ಲಿ ಇನ್ಯಾರದೋ ಮನೆಯಲ್ಲಿ. ಅಜ್ಜಿ ನಾನು ಕಲ್ಲುಗುಂಡಿನ ಹಾಗೆ ಇಲ್ಲಿ ಕೂತಿದ್ದೇನೆ, ಮೊಮ್ಮಕ್ಕಳು ಮಾತ್ರ ಕಂಡವರ ಮನೆಯ ಅನ್ನಕ್ಕೆ ಕಾಯಬೇಕು.

ನಾನು ಸಾಕುತ್ತೇನೆ ಅಂದೆ. ಮಕ್ಕಳ ಇಲಾಖೆಯಿಂದ ಮಿಸೆಸ್ ಪಿಕರ್ಸ್‌ಗಿಲ್ ಅಂತ ಒಬ್ಬಳು ಮನೆ ನೋಡಲು ಬಂದಿದ್ದಳು. ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ಇಬ್ಬರಿಗೂ ಬೇರೆ ಬೇರೆ ಮಲಗುವ ಕೋಣೆ ಬೇಕು, ಇಲ್ಲದಿದ್ದರೆ ಆಗುವುದಿಲ್ಲವಂತೆ. ಗ್ಯಾವಿನ್‌ಗೆ ಚಿಕ್ಕ ಕೋಣೆ, ಕರ್ಸ್ಟಿಗೆ ಅಟ್ಟ ಅಂದೆ. ಹೆಮ್ಮೆಯಿಂದ ಮೇಲೆ ಕರೆದುಕೊಂಡು ಹೋದೆ. ಅವಳು ಸುತ್ತ ನೋಡಿ, "ತುಂಬಾ ಚೆನ್ನಾಗಿದೆ ರೀ. ಕಟ್ಟಡ ವಿಭಾಗದ ಒಪ್ಪಿಗೆ ಪತ್ರ ಕೊಡ್ತೀರಾ?" ಅಂದಳು. ಇಲ್ಲ ಅಂದೆ. "ಹಾಗಾದ್ರೆ ಇದು ಕೋಣೆ ಅಲ್ಲ. ಸಾಮಾನು ಇಡೋ ಜಾಗ" ಅಂದಳು.

ನನ್ನ ಆರ್ನಲ್ಡ್ ಕೊನೆಗಾಲದಲ್ಲಿ ಮಲಗುತ್ತಿದ್ದ ಕೋಣೆ ಅದು. ಸಾಮಾನಂತೆ! ಮುಖಕ್ಕೆ ಉಗಿಯಬೇಕು ಅನ್ನಿಸಿತು, ಚಹಾ ಕೊಟ್ಟು ಕಳಿಸಿದೆ.

ಆ ಅಟ್ಟ ಕಟ್ಟಿದವನು ನೀನು. ಒಪ್ಪಿಗೆ ತಂದಿದ್ದರೆ ಆ ಪತ್ರ ಕಳಿಸು. ತಂದಿಲ್ಲದಿದ್ದರೆ ಯಾಕೆ ತರಲಿಲ್ಲ ಹೇಳು.

ನಿನ್ನ ಅಕ್ಕ
ಎನಿಡ್


ಅಲಿಕಾಂತೆ ಕರಾವಳಿ, ಸ್ಪೇನ್
15 ಫೆಬ್ರವರಿ 1996

ಅಕ್ಕ ಎನಿಡ್,

ಲೊರೇನ್ ವಿಷಯ ಕೇಳಿ ಬೇಜಾರಾಯಿತು. ಅವಳಪ್ಪ ಆರ್ನಲ್ಡ್ ಬದುಕಿದ್ದರೆ ಹೀಗಾಗುತ್ತಿರಲಿಲ್ಲ.

ಒಪ್ಪಿಗೆಯ ವಿಚಾರಕ್ಕೆ ತಲೆ ಕೆಡಿಸಿಕೊಳ್ಳಬೇಡ. ಮನೆಯ ಮೇಲಿನ ಮಾಡು ಎತ್ತರಿಸದಿದ್ದರೆ ಯಾವ ಅನುಮತಿಯೂ ಬೇಕಿಲ್ಲ. ಇದು ಥಾರ್ನ್‌ಶಾದ ಬೆಕ್ಕಿಗೂ ಗೊತ್ತು. ನಿನ್ನ ಬೀದಿಯಲ್ಲೇ ಎಷ್ಟು ಅಟ್ಟ ಕಟ್ಟಿದ್ದೇನೆ, ಒಬ್ಬನಾದರೂ ಕೌನ್ಸಿಲ್ ಮೆಟ್ಟಿಲು ಹತ್ತಿದ್ದಾನಾ ಕೇಳು. ಆ ಪಿಕರ್ಸ್‌ಗಿಲ್‌ಗೆ ಮಾಡೋಕೆ ಬೇರೆ ಕೆಲಸವಿಲ್ಲ.

ಅಟ್ಟ ಗಟ್ಟಿ ಇದೆ. ಮಾಡು ಹೊರಲು ಮಧ್ಯದಲ್ಲಿ ಹಾಕಿದ್ದೀನಲ್ಲ ಆ ಉಕ್ಕಿನ ತೊಲೆ, ಅದರ ಮೇಲೆ ಬಸ್ಸು ನಿಲ್ಲಿಸಬಹುದು. ಕರ್ಸ್ಟಿ ಅಲ್ಲಿ ಕುಣಿದರೂ ಹೂಂ ಅನ್ನುವುದಿಲ್ಲ.

ಇಲ್ಲಿ ಬಿಸಿಲು. ಅಂಗಿ ಇಲ್ಲದೆ ಕೂತು ಬರೆಯುತ್ತಿದ್ದೇನೆ. ಹೊಟ್ಟೆಕಿಚ್ಚು ಪಡಬೇಡ.

ವಿಲ್ಫ್


ಥಾರ್ನ್‌ಶಾ
25 ಫೆಬ್ರವರಿ 1996

ವಿಲ್ಫ್,

ನಿನ್ನ ಹೊಟ್ಟೆ ನೆನೆಸಿಕೊಂಡರೇ ವಾಕರಿಕೆ ಬರುತ್ತದೆ, ಕಿಚ್ಚು ಎಲ್ಲಿಂದ ಬರಬೇಕು?

ಕೌನ್ಸಿಲ್ ಕಚೇರಿಗೆ ಹೋಗಿದ್ದೆ. ಗಾಜಿನ ಹಿಂದೆ ಕೂತಿದ್ದ ಹುಡುಗಿ ಉಗುರು ನೋಡಿಕೊಳ್ಳುತ್ತಲೇ ಮಾತಾಡಿದಳು. ನಾನು ನಿನ್ನ ಮಾತನ್ನೇ ಗಿಣಿಯ ಹಾಗೆ ಒಪ್ಪಿಸಿದೆ. "ಮಾಡು ಎತ್ತರಿಸಿಲ್ಲ, ಅನುಮತಿ ಬೇಕಿಲ್ಲ" ಅಂದೆ. ಅವಳು ಮೊದಲ ಸಲ ತಲೆ ಎತ್ತಿ, "ಎಲ್ರೂ ಇದನ್ನೇ ಹೇಳ್ತೀರ" ಅಂತ ನಿಟ್ಟುಸಿರು ಬಿಟ್ಟಳು.

ವಿಷಯ ಹೀಗಿದೆ. ಒಪ್ಪಿಗೆಗಳು ಎರಡು. ಮನೆ ಹೊರಗಿಂದ ಹೇಗೆ ಕಾಣುತ್ತೆ ಅಂತ ಕೇಳುವುದು ಒಂದು. ಅದು ನಮಗೆ ಬೇಕಿರಲಿಲ್ಲ, ನೀನು ಹೇಳಿದ್ದು ಸರಿ. ಒಳಗೆ ಕಟ್ಟಿದ್ದು ನಿಲ್ಲುತ್ತಾ, ಬೆಂಕಿ ಬಿದ್ದರೆ ಮಲಗಿದವರು ಇಳಿದು ಬರಬಹುದಾ ಅಂತ ಕೇಳುವುದು ಇನ್ನೊಂದು. ಅದು ಎಲ್ಲರಿಗೂ ಬೇಕು. ಇಡೀ ಬೀದಿ ಮೊದಲನೆಯದನ್ನು ತಿಳಿದುಕೊಂಡು ಎರಡನೆಯದನ್ನು ನುಂಗಿ ನೀರು ಕುಡಿದಿದೆ. ಪಬ್ಬಿನಲ್ಲಿ ಕೂತು ಕಾನೂನು ಕಲಿತರೆ ಇಷ್ಟೇ ಆಗುವುದು.

ಈಗ ತಡವಾಗಿಯಾದರೂ ಅರ್ಜಿ ಹಾಕಬಹುದಂತೆ. ಇನ್ಸ್‌ಪೆಕ್ಟರ್ ಬಂದು ನೋಡುತ್ತಾನೆ, ತೃಪ್ತಿಯಾದರೆ ಪತ್ರ ಕೊಡುತ್ತಾನೆ. ಅರ್ಜಿ ಹಾಕಿ ಬಂದಿದ್ದೇನೆ. ಮಕ್ಕಳ ವಿಚಾರ ತೀರ್ಮಾನವಾಗುವ ಸಭೆ ಏಪ್ರಿಲ್ 22ಕ್ಕೆ. ಅಷ್ಟರೊಳಗೆ ಪತ್ರ ಕೈಗೆ ಬರದಿದ್ದರೆ ಮಕ್ಕಳನ್ನು ಕಾಯಂ ಆಗಿ ಬೇರೆ ಬೇರೆ ಮನೆಗೆ ಕೊಡುತ್ತಾರೆ. ಇದನ್ನು ಇನ್ನೊಂದು ಸಲ ಓದು.

ಎನಿಡ್


ಥಾರ್ನ್‌ಶಾ
10 ಮಾರ್ಚ್ 1996

ವಿಲ್ಫ್,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಇನ್ಸ್‌ಪೆಕ್ಟರ್ ಬಂದು ಹೋದ.

ಹೆಸರು ಎಂಟ್ವಿಸಲ್. ಹೆಸರು ಕೇಳಿದರೇ ಗೊತ್ತಾಗುತ್ತೆ, ಬೆಟ್ಟದಾಚೆ ಲ್ಯಾಂಕಾಶೈರಿನವನು. ನಮ್ಮ ಯಾರ್ಕ್‌ಶೈರಿನ ಮನೆಗಳನ್ನು ನೋಡಿ ಮೂಗು ಮುರಿಯೋಕೆ ಆ ಊರಿನವನೇ ಬೇಕಿತ್ತಾ? ಬಾಯಲ್ಲಿ ಸದಾ ಪೆಪ್ಪರ್‌ಮೆಂಟು. ಚೀಪುವ ಸದ್ದು ಮೆಟ್ಟಿಲ ಬುಡದಿಂದಲೇ ಕೇಳುತ್ತದೆ. ಕಾಲೊರೆಸುವುದಿಲ್ಲ. ನನ್ನ ಹಾಸಿಗೆಯ ಮೇಲೆ ತನ್ನ ಚೀಲ ಇಟ್ಟ.

ಮೆಟ್ಟಿಲಿಗೆ ತೆರೆದುಕೊಳ್ಳುವ ಕೋಣೆಗಳಿಗೆಲ್ಲ ಬೆಂಕಿ ತಡೆಯುವ ಬಾಗಿಲು ಬೇಕಂತೆ, ತಾವೇ ಮುಚ್ಚಿಕೊಳ್ಳುವಂಥದ್ದು. ಹೊಗೆ ಬಂದರೆ ಕೂಗುವ ಗಂಟೆ ಪ್ರತಿ ಮಹಡಿಗೂ ಬೇಕಂತೆ. ಮಾಡಿನ ಕಿಟಕಿ ತೀರಾ ಮೇಲಿದೆ, ಏಣಿ ಹಾಕಿ ಹುಡುಗಿಯನ್ನು ಇಳಿಸೋಕಾಗಲ್ಲ ಅಂತ ಇನ್ನೊಂದು. ಇದನ್ನೆಲ್ಲ ಸಹಿಸಿಕೊಂಡೆ. ಆಮೇಲೆ ಬೀದಿಗಿಳಿದು ನಿಂತು ಮಾಡನ್ನೇ ನೋಡಿದ. "ಸ್ವಲ್ಪ ಬಾಗಿದ ಹಾಗಿದೆಯಲ್ಲ?" ಅಂದ. ವಯಸ್ಸಾದ ಮನೆ, ನಿಮ್ಮ ಬೆನ್ನೂ ಬಾಗಿದೆ ಅಂದೆ. ಅಟ್ಟದ ಬಾಗಿಲು ಯಾಕೆ ಹಿಡಿಯುತ್ತೆ ಅಂತ ಕೇಳಿದ. ತೇವ, ವರ್ಷಕ್ಕೊಮ್ಮೆ ಕೆರೆಸಿ ಸರಿಮಾಡುತ್ತೇನೆ ಅಂದೆ.

ಕೊನೆಗೆ ನಿನ್ನ ತೊಲೆಯ ಹತ್ತಿರ ಹೋಗಿ ಬೆರಳಿನ ಗೆಣ್ಣಿನಿಂದ ತಟ್ಟಿದ. ಚೀಪುವುದನ್ನು ನಿಲ್ಲಿಸಿದ.

"ಇದನ್ನ ಬಿಚ್ಚಿ ನೋಡ್ಬೇಕು, ಮಿಸೆಸ್ ಹೋಲ್ರಾಯ್ಡ್."

"ಯಾಕೆ? ಅದು ಉಕ್ಕು. ನನ್ನ ತಮ್ಮ ಹಾಕಿದ್ದು."

"ಇರಬಹುದು. ನನಗೆ ಕಾಣ್ತಿರೋದು ಬಣ್ಣ ಬಳಿದ ಹಲಗೆ ಮಾತ್ರ."

ನನಗೆ ಎಲ್ಲಿತ್ತೋ ಸಿಟ್ಟು. "ನನ್ನ ತಮ್ಮ ಈ ಊರಲ್ಲಿ ಜೀವಮಾನವೆಲ್ಲ ಬಡಗಿ ಕೆಲಸ ಮಾಡಿದೋನು. ನಿಮ್ಮಂಗೆ ಚೀಲ ಹೊತ್ಕೊಂಡು ಕಂಡೋರ ಮನೆ ಗೋಡೆ ತಟ್ತಾ ತಿರುಗಿದೋನಲ್ಲ" ಅಂದೆ. ಅವನು ಪೆಪ್ಪರ್‌ಮೆಂಟಿನ ಕಾಗದವನ್ನು ನನ್ನ ನೆಲದ ಮೇಲೆ ಬೀಳಿಸಿ ಹೊರಟುಹೋದ.

ನಿನ್ನ ಪರವಾಗಿ ಜಗಳವಾಡಿ ಎಷ್ಟು ವರ್ಷವಾಗಿತ್ತು! ಅದೊಂದೇ ಆ ದಿನದ ಸಮಾಧಾನ.

ಎನಿಡ್


ಅಲಿಕಾಂತೆ ಕರಾವಳಿ
14 ಮಾರ್ಚ್ 1996

ಅಕ್ಕ,

ನಿನ್ನ ಫೆಬ್ರವರಿ ಕಾಗದ ಈಗ ತಲುಪಿತು. ಇಲ್ಲಿಯ ಅಂಚೆಯವನು ಮಧ್ಯಾಹ್ನವೆಲ್ಲ ನಿದ್ದೆ ಹೊಡೆಯುತ್ತಾನೆ.

ಅರ್ಜಿ ಹಾಕುವ ಮುಂಚೆ ನನ್ನನ್ನು ಒಂದು ಮಾತು ಕೇಳಬಾರದಿತ್ತಾ? ಆ ಜನ ಒಂದು ಸಲ ಒಳಗೆ ಬಂದರೆ ಜಿಗಣೆ ಹಾಗೆ. ಆಗಲಿ. ಬಾಗಿಲು ಹಾಕು ಅಂದರೆ ಹಾಕು, ಗಂಟೆ ಅಂದರೆ ಗಂಟೆ. ಬಂದವನಿಗೆ ಒಳ್ಳೆಯ ಚಹಾ ಕೊಡು, ಬಿಸ್ಕತ್ತು ಕೊಡು, ಬೆಣ್ಣೆ ಹಚ್ಚಿ ಮಾತಾಡು.

ಒಂದೇ ಮಾತು. ತೊಲೆಯನ್ನು ಮುಟ್ಟಲು ಬಿಡಬೇಡ. ಅದರ ಸುತ್ತ ಮಾಡಿರುವ ಗಿಲಾವು ಸೂಕ್ಷ್ಮ ಕೆಲಸ. ಒಂದು ಕಡೆ ಕತ್ತರಿಸಿದರೆ ಇಡೀ ಮೇಲ್ಛಾವಣಿ ಬಿರುಕು ಬಿಡುತ್ತದೆ. ನಾನು ನಿನಗೋಸ್ಕರ ಎಷ್ಟು ಪ್ರೀತಿಯಿಂದ ಮಾಡಿದ್ದು ಗೊತ್ತಾ? ಅದನ್ನು ಯಾವನೋ ಗುಮಾಸ್ತ ಕೆಡವುವುದು ನನಗೆ ಇಷ್ಟವಿಲ್ಲ.

ಸಭೆಯಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಮಕ್ಕಳನ್ನು ಬೇಸಿಗೆಗೆ ಇಲ್ಲಿಗೆ ಕಳಿಸು. ಸಮುದ್ರ ನೋಡಲಿ.

ವಿಲ್ಫ್


ಥಾರ್ನ್‌ಶಾ
27 ಮಾರ್ಚ್ 1996

ವಿಲ್ಫ್,

ನಿನ್ನ ಕಾಗದ ಓದಿ ಕಣ್ಣು ಒದ್ದೆಯಾಯಿತು. ಚಿಕ್ಕವನಿದ್ದಾಗಲೂ ನೀನು ಮಾಡಿದ ಮರದ ಗೊಂಬೆಯನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ನಿನ್ನ ಕೆಲಸದ ಮೇಲೆ ನಿನಗೆ ಈಗಲೂ ಇಷ್ಟು ಅಭಿಮಾನ ಇದೆಯಲ್ಲ, ನಾನು ಸುಮ್ಮನೆ ಬೈದೆ ಅನ್ನಿಸಿತು.

ಬಾಗಿಲುಗಳನ್ನು ಹಾಕಿಸಿದೆ. ಎಂಥ ಬಾಗಿಲು ಅಂತೀಯ! ಬೆನ್ನ ಹಿಂದೆ ಧಡ್ ಅಂತ ಮುಚ್ಚಿಕೊಳ್ಳುತ್ತವೆ, ಕೈಯಲ್ಲಿ ಚಹಾ ಲೋಟ ಇದ್ದರೆ ಮುಗಿಯಿತು. ಜೈಲಿನಲ್ಲಿದ್ದ ಹಾಗಿದೆ. ಕಿಟಕಿಯನ್ನೂ ಕೆಳಗಿಳಿಸಿದ್ದಾಯಿತು. ತೊಲೆಗೆ ಮಾತ್ರ ಜಪ್ಪಯ್ಯ ಅಂದರೂ ನಾನು ಒಪ್ಪಲಿಲ್ಲ. ಎಂಟ್ವಿಸಲ್ ಎರಡು ಸಲ ಬಂದ, ಎರಡು ಸಲವೂ ವಾಪಸ್ ಕಳಿಸಿದೆ. ಈಗ ಬರೆದು ಕಳಿಸಿದ್ದಾನೆ, ತೊಲೆ ನೋಡದೆ ಒಪ್ಪಿಗೆ ಇಲ್ಲ ಅಂತ. ಬಿಚ್ಚುವುದು ಬೇಡವಾದರೆ ಆ ಉಕ್ಕು ಎಲ್ಲಿಂದ ತಂದದ್ದು, ಎಷ್ಟು ದಪ್ಪ, ಭಾರದ ಲೆಕ್ಕ ಹಾಕಿದ ಎಂಜಿನಿಯರ್ ಯಾರು ಅಂತ ತಿಳಿಸಿದರೂ ಸಾಕಾಗಬಹುದಂತೆ.

ನಿನಗೆ ಇದು ದೊಡ್ಡ ಕೆಲಸವಲ್ಲ. ಎರಡು ಸಾಲು ಬರೆದು ಬೇಗ ಕಳಿಸು.

ಭಾನುವಾರ ಮಕ್ಕಳನ್ನು ನೋಡಲು ಬಿಟ್ಟಿದ್ದರು. ಇಬ್ಬರನ್ನೂ ಒಟ್ಟಿಗೆ, ಒಂದು ಕಚೇರಿಯ ಕೋಣೆಯಲ್ಲಿ. ಗ್ಯಾವಿನ್ ಅಕ್ಕನ ತೋಳು ಬಿಡಲಿಲ್ಲ. ಅವನ ಪ್ಯಾಂಟು ಕೂಡ ಬೇರೆ ಯಾರದೋ ಹುಡುಗನದು. ಕರ್ಸ್ಟಿಗೆ ಅಟ್ಟ ನಿನ್ನದೇ ಅಂತ ಹೇಳಿಬಿಟ್ಟೆ. ಗೋಡೆಗೆ ಹಳದಿ ಬಣ್ಣ ಬೇಕಂತೆ. "ಅಜ್ಜೀ, ಗ್ಯಾವಿನ್ ಕೆಳಗಿನ ಕೋಣೆಯಿಂದ ಕೂಗಿದ್ರೆ ನಂಗೆ ಕೇಳ್ಸುತ್ತಾ?" ಅಂದಳು. ಕೇಳಿಸುತ್ತೆ ಕಂದ ಅಂದೆ.

ಎನಿಡ್


ಚಿತ್ರಪತ್ರ, ಅಲಿಕಾಂತೆ
6 ಏಪ್ರಿಲ್ 1996

ಅಕ್ಕ, ಈಸ್ಟರ್ ಶುಭಾಶಯ. ಆ ಕಾಗದಗಳೆಲ್ಲ ಆರ್ನಲ್ಡ್ ಹತ್ತಿರ ಇದ್ದವು, ನನ್ನಲ್ಲಿ ಏನೂ ಇಲ್ಲ. ಎಂಜಿನಿಯರ್ ತೀರಿಹೋಗಿರಬೇಕು. ಸಭೆಯನ್ನು ಮುಂದಕ್ಕೆ ಹಾಕಲು ಕೇಳು. ತೊಲೆ ಮುಟ್ಟಿಸಬೇಡ. ಕೆಲಸ ಬಹಳ ಇದೆ. ವಿಲ್ಫ್


ಥಾರ್ನ್‌ಶಾ
19 ಏಪ್ರಿಲ್ 1996

ವಿಲ್ಫ್,

ಸಭೆ ಸೋಮವಾರ. ಬೇರೆ ದಾರಿ ಇರಲಿಲ್ಲ. ಮೊನ್ನೆ ಎಂಟ್ವಿಸಲ್‌ಗೆ ನಾನೇ ಫೋನ್ ಮಾಡಿ ಬನ್ನಿ, ಬಿಚ್ಚಿ ಅಂದೆ. ಗಿಲಾವು ಬಿರುಕು ಬಿಟ್ಟರೆ ಬಿಡಲಿ, ವಿಲ್ಫ್ ಕ್ಷಮಿಸುತ್ತಾನೆ ಅಂದುಕೊಂಡೆ. ನಿನ್ನ ಕ್ಷಮೆ ಕೇಳಿ ಕಾಗದ ಬರೆಯಬೇಕು ಅಂತ ಮನಸ್ಸಿನಲ್ಲೇ ಸಾಲು ಜೋಡಿಸುತ್ತಾ ನಿಂತಿದ್ದೆ, ಅವನು ಗರಗಸ ಹಾಕಿದ.

ಹಲಗೆ ಒಂದು ಏಟಿಗೇ ಕಳಚಿಕೊಂಡು ಬಂತು. ಒಳಗೆ ತೊಲೆ ಇರಲಿಲ್ಲ.

ಉಕ್ಕಿನದೂ ಇಲ್ಲ, ಮರದ್ದೂ ಇಲ್ಲ. ಒಂದು ಉದ್ದನೆಯ ಖಾಲಿ ಪೆಟ್ಟಿಗೆ. ಈ ತುದಿಯಿಂದ ದೀಪ ಬಿಟ್ಟರೆ ಆ ತುದಿಯ ಇಟ್ಟಿಗೆ ಕಾಣುತ್ತಿತ್ತು. ಒಳಗೆ ಕುದುರೆ ರೇಸಿನ ಹಳೆಯ ಪತ್ರಿಕೆ, ಅದರಲ್ಲಿ ಸುತ್ತಿದ್ದ ಬೇಕನ್ ಸ್ಯಾಂಡ್‌ವಿಚ್ಚಿನ ತುಂಡು, ಬೂಷ್ಟು ಹಿಡಿದು ಕಪ್ಪಾಗಿ ಗಟ್ಟಿಯಾದದ್ದು, ಇಲಿಯ ಹಿಕ್ಕೆ. ಅದರ ನಾತ ಇನ್ನೂ ನನ್ನ ಮೂಗಿನಲ್ಲಿದೆ. ನನಗೆ ಚಹಾ ಸೇರುತ್ತಿಲ್ಲ.

ಮಾಡನ್ನು ಹೊತ್ತಿದ್ದ ಹಳೆಯ ಆಸರೆ ಮರಗಳನ್ನು ಕೋಣೆಗೆ ಜಾಗ ಬೇಕು ಅಂತ ನೀನು ಕೊಯ್ದು ತೆಗೆದಿದ್ದೀಯ. ಅವು ಹೊತ್ತಿದ್ದ ಭಾರ ಹೊರಬೇಕಿದ್ದದ್ದು ಆ ಉಕ್ಕು. ಅದನ್ನು ಹಾಕಲೇ ಇಲ್ಲ. ಅದಿರಬೇಕಾದ ಕಡೆ ಹಲಗೆ ಬಡಿದು, ನೀಟಾಗಿ ಗಿಲಾವು ಮಾಡಿ, ಬಿಳಿ ಬಣ್ಣ ಬಳಿದೆ. ಹೊರಗೆ ಥಳುಕು, ಒಳಗೆ ಹುಳುಕು. ಇಷ್ಟು ವರ್ಷ ಆ ಕಲ್ಲಿನ ಮಾಡು ಯಾವ ಧೈರ್ಯದ ಮೇಲೆ ನಿಂತಿತ್ತೋ ದೇವರೇ ಬಲ್ಲ. ಬಾಗಿಲು ಹಿಡಿಯುತ್ತಿದ್ದದ್ದು ತೇವಕ್ಕಲ್ಲ. ಮಾಡು ಕುಸಿಯುತ್ತಿತ್ತು, ನಾನು ಬಾಗಿಲು ಕೆರೆಸುತ್ತಿದ್ದೆ.

ಎಂಟ್ವಿಸಲ್ "ನಿಮ್ಮ ಅದೃಷ್ಟ ಚೆನ್ನಾಗಿದೆ" ಅಂದ. ಆಗಲೂ ಚೀಪುತ್ತಿದ್ದ. ಅವನು ಹೇಳಿದ್ದು ನಿಜವಾಯಿತಲ್ಲ ಅನ್ನೋದಕ್ಕೇ ಅವನನ್ನು ಕಂಡರೆ ಇನ್ನೂ ಅಸಹ್ಯವಾಗುತ್ತಿದೆ. ಅಟ್ಟಕ್ಕೆ ಕಬ್ಬಿಣದ ಆಸರೆ ಕಂಬ ನಿಲ್ಲಿಸಿ, ಯಾರೂ ಹತ್ತಬಾರದು ಅಂತ ಮೆಟ್ಟಿಲಿಗೆ ಹಲಗೆ ಹೊಡೆಸಿದ್ದಾನೆ.

ಕರ್ಸ್ಟಿಯ ಮಂಚವನ್ನು ನಾನು ಸರಿಯಾಗಿ ಆ ತೊಲೆಯ ಕೆಳಗೇ ಹಾಕಿಸಿದ್ದೆ. ಗಟ್ಟಿ ಜಾಗ ಅಂತ.

ಥೂ, ವಿಲ್ಫ್.

ಎನಿಡ್


ಅಲಿಕಾಂತೆ ಕರಾವಳಿ
30 ಏಪ್ರಿಲ್ 1996

ಅಕ್ಕ,

ಇಷ್ಟು ಸಿಟ್ಟು ಒಳ್ಳೆಯದಲ್ಲ, ನಿನಗೆ ರಕ್ತದೊತ್ತಡ ಇದೆ. ನಡೆದದ್ದನ್ನು ಕೇಳು.

ಉಕ್ಕು ಹಾಕಬೇಕು ಅಂತಲೇ ಇದ್ದೆ. ಅದರ ತುದಿಗಳು ಕೂರಬೇಕಾದದ್ದು ಪಕ್ಕದವರಿಗೂ ಸೇರಿದ ಗೋಡೆಯಲ್ಲಿ. ನಿನ್ನ ಪಕ್ಕದ ಮನೆಯ ಮುದುಕಿ ಕ್ರ್ಯಾಬ್‌ಟ್ರೀ ಗೋಡೆಗೆ ಉಳಿ ತಾಗಿಸಲು ಬಿಡಲಿಲ್ಲ. ಆ ಹೊತ್ತಿಗೆ ನಾನು ಆಸರೆ ಮರ ತೆಗೆದಾಗಿತ್ತು. ನೀನು ದಿನಾ ಬಂದು "ಯಾವಾಗ ಮುಗಿಯುತ್ತೆ, ಮನೆಯೆಲ್ಲ ಧೂಳು" ಅಂತ ತಲೆ ತಿನ್ನುತ್ತಿದ್ದೆ. ಸದ್ಯಕ್ಕೆ ನೋಡಲು ಚೆನ್ನಾಗಿರಲಿ, ಮುದುಕಿ ಸತ್ತ ಮೇಲೆ ಹಾಕೋಣ ಅಂದುಕೊಂಡೆ. ಅವಳು ಸಾಯಲಿಲ್ಲ. ಅದು ನನ್ನ ತಪ್ಪಾ?

ಆರ್ನಲ್ಡ್‌ಗೆ ಇದೆಲ್ಲ ಗೊತ್ತಿತ್ತು. ಎನಿಡ್‌ಗೆ ಹೇಳಬೇಡ ಅಂದವನೇ ಅವನು. ಮತ್ತೆ ಅಟ್ಟ ಬಿದ್ದಿಲ್ಲವಲ್ಲ? ಐದು ವರ್ಷ ನಿಂತಿದೆ. ಹೇಗೋ ನಿಂತಿದೆ ಅಂದರೆ ಲೆಕ್ಕ ಅಷ್ಟೇನೂ ತಪ್ಪಿಲ್ಲ ಅಂತ ಅರ್ಥ.

ಬೇಕಾದರೆ ಶರತ್ಕಾಲದಲ್ಲಿ ಬಂದು ನಾನೇ ಉಕ್ಕು ಕೂರಿಸಿಕೊಡುತ್ತೇನೆ. ಬೀದಿಯವರಿಗೆ ಏನೂ ಹೇಳಬೇಡ, ಎಲ್ಲರೂ ಗಾಬರಿಯಾಗುತ್ತಾರೆ. ಎಂಟ್ವಿಸಲ್‌ಗೆ ನನ್ನ ಹೆಸರು ಕೊಟ್ಟಿಲ್ಲ ತಾನೆ?

ಸಭೆ ಏನಾಯಿತು?

ವಿಲ್ಫ್


ಥಾರ್ನ್‌ಶಾ
9 ಜೂನ್ 1996

ವಿಲ್ಫ್,

ಸಭೆ ಏನಾಯಿತು ಅನ್ನುವುದು ನಿನ್ನ ಕಾಗದದ ಕೊನೆಯ ಸಾಲಿನಲ್ಲಿತ್ತು. ನಿನ್ನ ಹೆಸರು ಅದಕ್ಕಿಂತ ಮುಂಚೆ ಬಂದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇದಕ್ಕೇ. ಹೆಸರು ಕೊಟ್ಟಿದ್ದೇನೆ. ಬೀದಿಯಲ್ಲಿ ನೀನು ಕಟ್ಟಿದ ಅಟ್ಟ ಯಾರ್ಯಾರ ಮನೆಯಲ್ಲಿದೆಯೋ ಅವರ ಬಾಗಿಲನ್ನೆಲ್ಲ ನಾನೇ ತಟ್ಟಿ ಹೇಳಿ ಬಂದಿದ್ದೇನೆ. ಹೇಳುವಾಗ ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು. ಆದರೂ ಹೇಳಿದೆ, ಅವರ ಅಟ್ಟಗಳಲ್ಲೂ ಮಕ್ಕಳು ಮಲಗುತ್ತಾರೆ.

ಆರ್ನಲ್ಡ್‌ಗೆ ಗೊತ್ತಿತ್ತಂತೆ. ಸತ್ತವನು ಎದ್ದು ಬಂದು ಜವಾಬು ಕೊಡುವುದಿಲ್ಲ ಅನ್ನುವ ಧೈರ್ಯ ನಿನಗೆ. ತನ್ನ ಕೆಮ್ಮಿನಿಂದ ನನ್ನ ನಿದ್ದೆ ಕೆಡುತ್ತದೆ ಅಂತ ಕೊನೆಯ ಚಳಿಗಾಲವೆಲ್ಲ ಅವನು ಆ ಅಟ್ಟದಲ್ಲೇ ಮಲಗಿದ. ಲೊರೇನ್ ಊರಿಗೆ ಬಂದಾಗ ಈ ಮಕ್ಕಳನ್ನೂ ಪಕ್ಕದಲ್ಲಿ ಮಲಗಿಸಿಕೊಂಡ. ಗೊತ್ತಿದ್ದವನು ಹಾಗೆ ಮಾಡುತ್ತಾನಾ? ತೊಲೆಯದು ಹೇಗೋ ಸಹಿಸಬಹುದಿತ್ತು. ಇದನ್ನು ಓದಿದ ಮೇಲೆ ನಿನ್ನ ಕಾಗದವನ್ನು ಇಕ್ಕಳದಲ್ಲಿ ಹಿಡಿದು ಒಲೆಗೆ ಹಾಕಿದೆ.

ಸಭೆಯಲ್ಲಿ ನಿಜ ಹೇಳಿದೆ. ಅಟ್ಟ ಇಲ್ಲ, ಒಪ್ಪಿಗೆ ಇಲ್ಲ, ಆದರೆ ಮಕ್ಕಳು ಬೇಕು ಅಂದೆ. ತೀರ್ಮಾನವನ್ನು ಒಂದು ತಿಂಗಳು ಮುಂದಕ್ಕೆ ಹಾಕಿದರು. ಗ್ಯಾವಿನ್‌ನ ಹುಟ್ಟಿದ ಹಬ್ಬ ಆ ತಿಂಗಳಲ್ಲಿ ಬಂದು ಹೋಯಿತು, ಗುರುತಿಲ್ಲದ ಮನೆಯಲ್ಲಿ. ಮಿಸೆಸ್ ಪಿಕರ್ಸ್‌ಗಿಲ್ ಮತ್ತೆ ಬಂದಳು. ಬೀದಿ ಬದಿಗಿರುವ ಕೋಣೆಯ ಬಾಗಿಲು ತೆರೆದು ಕೇಳಿದಳು.

"ಈ ಕೋಣೆ?"

"ಅದು ಮುಂದಿನ ಕೋಣೆ."

"ಏನಕ್ಕೆ ಉಪಯೋಗಿಸ್ತೀರಿ?"

"ಏನಕ್ಕೂ ಇಲ್ಲ. ಮುಂದಿನ ಕೋಣೆ ಅಲ್ವಾ!"

ಪಾದ್ರಿ ಬಂದರೆ ಕೂರಿಸಲು, ಮನೆಯಲ್ಲಿ ಯಾರಾದರೂ ಸತ್ತರೆ ಶವದ ಪೆಟ್ಟಿಗೆ ಇಡಲು. ಅಮ್ಮನನ್ನು ಅಲ್ಲಿಟ್ಟಿದ್ದೆವು, ಆರ್ನಲ್ಡ್‌ನನ್ನೂ ಅಲ್ಲೇ. ಉಳಿದಂತೆ ವಾರಕ್ಕೊಮ್ಮೆ ಧೂಳು ಹೊಡೆದು ಬಾಗಿಲು ಹಾಕುವುದು. ಅಲ್ಲಿ ಮನುಷ್ಯರು ಮಲಗಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಬದುಕಿರುವವರಿಗೆ ಜಾಗವಿಲ್ಲ ಅಂತ ಒದ್ದಾಡುತ್ತಾ, ಸತ್ತವರಿಗೆ ಒಂದು ಕೋಣೆ ಕಾಯ್ದಿಟ್ಟಿದ್ದೆ. ಆ ಬಗ್ಗೆ ಹೆಚ್ಚು ಯೋಚಿಸಿದರೆ ನನ್ನ ಮೇಲೇ ಅಸಹ್ಯವಾಗುತ್ತದೆ. ಈಗ ನಾನು ಅಲ್ಲಿ ಮಲಗುತ್ತೇನೆ. ನನ್ನ ಕೋಣೆ ಕರ್ಸ್ಟಿಯದು. ಕಳೆದ ಶನಿವಾರ ಇಬ್ಬರೂ ಬಂದರು.

ಅಟ್ಟಕ್ಕೆ ಉಕ್ಕು ಕೂರಿಸಲು ಬೇರೆಯವರನ್ನು ಗೊತ್ತುಮಾಡಿದ್ದೇನೆ. ಎಂಜಿನಿಯರ್ ಲೆಕ್ಕ ಹಾಕಿದ, ಕ್ರ್ಯಾಬ್‌ಟ್ರೀ ಗೋಡೆ ಕೊಟ್ಟಳು. ಹುಡುಗರಿಗೋಸ್ಕರ ಅಂತ ನಾನು ಕೇಳಿದ್ದಕ್ಕೆ ಅವಳು "ಆಗ್ಲೂ ಹೀಗೇ ಬಂದು ಕೇಳಿದ್ರೆ ಕೊಡ್ತಿದ್ದೆ ಕಣೇ. ನಿನ್ ತಮ್ಮ ಉಳಿ ಹಿಡ್ಕೊಂಡೇ ಬಂದ" ಅಂದಳು. ನೀನು ಬರುವುದು ಬೇಡ. ಶರತ್ಕಾಲಕ್ಕೂ ಬೇಡ, ಕ್ರಿಸ್‌ಮಸ್‌ಗೂ ಬೇಡ.

ಬಂದ ಮಾರನೆಯ ದಿನ ಕರ್ಸ್ಟಿ ಮೆಟ್ಟಿಲಿಗೆ ಹೊಡೆದ ಹಲಗೆಯ ಮುಂದೆ ನಿಂತಿದ್ದಳು.

"ಅಜ್ಜೀ, ನನ್ನ ಕೋಣೆ ಯಾಕೆ ಮುಚ್ಚಿದ್ದಾರೆ?"

"ಸರಿಯಾಗಿ ಕಟ್ಟಿಲ್ಲ ಕಂದ."

"ಯಾರು ಕಟ್ಟಿದ್ದು?"

"ನನ್ನ ತಮ್ಮ."

ಅವಳು ಹಲಗೆಯ ಮೊಳೆಯೊಂದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ, "ಅವರಿಗೆ ನಮ್ಮನ್ನ ಕಂಡ್ರೆ ಆಗಲ್ವಾ?" ಅಂತ ಕೇಳಿದಳು.

ವಿಲ್ಫ್ ಅಜ್ಜ ಕಾಗದ ಬರೆದು ಹೇಳುತ್ತಾನೆ ಅಂದೆ. ಅಂದಿನಿಂದ ಅಂಚೆಯವನು ಬರುವ ಹೊತ್ತಿಗೆ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಾಳೆ. ಅವಳ ಹೆಸರಿಗೇ ಬರಿ. ನನಗೆ ಇನ್ನು ಬರೆಯಬೇಡ.

ಎನಿಡ್